ಏಳು ಸುತ್ತಿನ ಮೋಟಾರಿಗೆ ಆರು ಸೆಲ್ಲಿನ ಬ್ಯಾಟರಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ 22 ವರ್ಷದಿಂದ ನನ್ನದೊಂದು ರಿವೈಂಡಿಂಗ್ ಅಂಗಡಿ ಇದೆ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ. ಮೋಟಾರ್ ಸುಟ್ಟರೆ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಪಂಪಿನದಾಗಲಿ, ಫ್ಯಾನಿನದಾಗಲಿ, ವಾರ್ನಿಷ್ ಸುಟ್ಟ ವಾಸನೆ ಒಂದೇ. ಕಳೆದ ಭಾನುವಾರ ಅದೇ ವಾಸನೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಮೋಟಾರಿನಿಂದ ಬಂತು.

ಅಣ್ಣನ ಮಗ ಬಾಗಲಕೋಟೆಯಿಂದ ಇಲ್ಲಿಗೆ ಇಂಜಿನಿಯರಿಂಗ್ ಓದಲು ಬಂದಿದ್ದಾನೆ. ಡ್ರೋನ್ ಕಟ್ಟುವ ಹುಚ್ಚು. ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋದಾಗ ಯಾರೋ '6ಎಸ್ ಬ್ಯಾಟರಿ ಹಾಕು, ಸ್ಪೀಡ್ ಬರುತ್ತೆ' ಅಂದಿದ್ದಾರೆ. 6ಎಸ್ ಅಂದರೆ ಆರು ಸೆಲ್ಲನ್ನು ಸೀರೀಸಿನಲ್ಲಿ, ಒಂದರ ಹಿಂದೊಂದು ಜೋಡಿಸಿದ ಬ್ಯಾಟರಿ. ಇವನ ಮೋಟಾರಿನ ಮೇಲೆ 2207, 2450ಕೆವಿ ಅಂತ ಬರೆದಿತ್ತು. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಮೇಲೆ 3ರಿಂದ 6ಎಸ್ ಅಂತಿತ್ತು. ಅಷ್ಟು ಸಾಕು ಅಂದುಕೊಂಡ. ಅಂಗಡಿ ಮುಚ್ಚಿದ ಮೇಲೆ ಮೋಟಾರನ್ನು ಹಲಗೆಗೆ ಬಿಗಿದು, ಐದಿಂಚಿನ ಪ್ರೊಪೆಲ್ಲರ್ ಹಾಕಿ, ಸುತ್ತ ಕಬ್ಬಿಣದ ಜಾಳಿಗೆ ಇಟ್ಟೆವು. ಅರ್ಧ ಥ್ರಾಟಲ್‌ವರೆಗೆ ಏನೂ ಆಗಲಿಲ್ಲ. ಪೂರ್ತಿ ಕೊಟ್ಟು ಸ್ವಲ್ಪ ಹೊತ್ತಾಗಿತ್ತು, ಅಷ್ಟೇ.

'ಕಾಕಾ, ವಾಸನಿ ಬರಾಕತ್ತೈತಿ ನೋಡ್ರಿ' ಅಂದ. ನಾನಾಗಲೇ ಬ್ಯಾಟರಿ ಕಿತ್ತಿದ್ದೆ.

ರಾತ್ರಿಯೇ ಬಿಚ್ಚಿ ನೋಡಿದೆ. ಹೊರಗಿನ ಬಟ್ಟಲಿನಲ್ಲಿ 14 ಆಯಸ್ಕಾಂತ, ಒಳಗೆ ತಂತಿ ಸುತ್ತಿದ, ತಿರುಗದ ಭಾಗ, 12 ಹಲ್ಲಿನ ಸ್ಟೇಟರ್. 2207 ಅಂದರೆ ಈ ಸ್ಟೇಟರಿನ ಅಳತೆ, 22 ಮಿಲಿಮೀಟರ್ ಅಗಲ, 7 ಎತ್ತರ. ತಾಮ್ರ ಹೊಳೆಯುವ ಬದಲು ಕಡು ಕಂದಾಗಿತ್ತು. ಎರಡು ಹಲ್ಲಿನ ಕಾಯಿಲ್ ಪೂರ್ತಿ ಕಪ್ಪು. ಉಗುರಿನಿಂದ ಕೆರೆದರೆ ತಂತಿಯ ಮೇಲಿನ ಎನಾಮಲ್ ಲೇಪ ಪುಡಿಪುಡಿಯಾಗಿ ಉದುರಿತು. ಕನ್ನಡಕ ಹಾಕಿಕೊಂಡು ಸುತ್ತು ಎಣಿಸಿದೆ. ಒಂದೊಂದು ಹಲ್ಲಿಗೆ ಏಳು.

ವಿಷಯ ಇರುವುದೇ ಆ ಏಳರಲ್ಲಿ. ನಮ್ಮ ಕಸುಬಿನಲ್ಲಿ ಕೆವಿ ಅಂದರೆ ಕಿಲೋವೋಲ್ಟ್. ಡ್ರೋನಿನವರ ಕೆವಿ ಬೇರೆ. ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ. ಅದೇ ಸ್ಟೇಟರಿಗೆ ತಂತಿ ಕಡಿಮೆ ಸುತ್ತಿದರೆ ಕೆವಿ ಏರುತ್ತದೆ, ಜಾಸ್ತಿ ಸುತ್ತಿದರೆ ಇಳಿಯುತ್ತದೆ.

ಡ್ರೋನಿಗೆ ಹಾಕುವ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಂದು ಸೆಲ್ ಫುಲ್ ಚಾರ್ಜ್ ಆದಾಗ 4.2 ವೋಲ್ಟ್. ಈ ಮೋಟಾರಿಗೆ ಹೊಂದುವ 4ಎಸ್, ಅಂದರೆ ನಾಲ್ಕು ಸೆಲ್ಲಿಗೆ 16.8. ಅದನ್ನು 2450ರಿಂದ ಗುಣಿಸಿದರೆ ನಿಮಿಷಕ್ಕೆ 41,160 ಸುತ್ತು. ಆರು ಸೆಲ್ಲಿಗೆ 25.2 ವೋಲ್ಟ್, 61,740 ಸುತ್ತು. ಪ್ರೊಪೆಲ್ಲರ್ ಅಷ್ಟು ತಿರುಗಲು ಬಿಡುವುದಿಲ್ಲ. ಗಾಳಿಯ ಹೊರೆ ವೇಗದ ವರ್ಗದಂತೆ ಏರುತ್ತದೆ. ವೇಗ ಒಂದೂವರೆ ಪಟ್ಟಾದರೆ ಕರೆಂಟ್ ಎರಡೂಕಾಲು ಪಟ್ಟು. ತಾಮ್ರದ ಬಿಸಿ ಕರೆಂಟಿನ ವರ್ಗ, ಅಂದರೆ ಐದು ಪಟ್ಟು! ನಿಜವಾಗಿ ಬ್ಯಾಟರಿಯ ವೋಲ್ಟೇಜ್ ಕುಗ್ಗುವುದರಿಂದ ಅಷ್ಟು ಆಗುವುದಿಲ್ಲ. ಅದರ ಅರ್ಧವಾದರೂ ಈ ಪುಟ್ಟ ಕಾಯಿಲ್ ತಡೆಯುವುದಿಲ್ಲ, ಅಲ್ವಾ?

ಹಾಗಂತ 6ಎಸ್ ಕೆಟ್ಟದ್ದಲ್ಲ. 600 ವ್ಯಾಟ್ ಬೇಕಾದರೆ 4ಎಸ್‌ನ ಸಾಮಾನ್ಯ ವೋಲ್ಟೇಜ್ 14.8ರಲ್ಲಿ 40 ಆಂಪಿಯರ್ ದಾಟುತ್ತದೆ, 6ಎಸ್‌ನ 22.2ರಲ್ಲಿ 27 ಸಾಕು. ವೈರು, ಕನೆಕ್ಟರ್, ಬ್ಯಾಟರಿ ಎಲ್ಲ ತಣ್ಣಗಿರುತ್ತವೆ. ಮೋಟಾರ್ ಮಾತ್ರ ಇದರಿಂದ ತಣ್ಣಗಾಗುವುದಿಲ್ಲ. ದಪ್ಪ ತಂತಿಯ ಏಳು ಸುತ್ತಾಗಲಿ, ತೆಳು ತಂತಿಯ ಹತ್ತು ಸುತ್ತಾಗಲಿ, ತಾಮ್ರದ ತೂಕ ಅಷ್ಟೇ ಇದ್ದರೆ ಅಷ್ಟೇ ಕೆಲಸಕ್ಕೆ ಬಿಸಿಯೂ ಅಷ್ಟೇ. ಇದನ್ನು ಹುಡುಗರಿಗೆ ಯಾರೂ ಹೇಳುವುದಿಲ್ಲ. ಅವನು ಬೆಸೆದಿದ್ದ 25 ವೋಲ್ಟಿನ ಕೆಪಾಸಿಟರ್ 25.2 ವೋಲ್ಟಿಗೆ ಸಾಲದು, ಅದನ್ನೂ ತೆಗೆಸಿ 35 ವೋಲ್ಟಿನದು ಹಾಕಿಸಿದೆ.

ಇನ್ನೊಂದು ಮಾತು. ಹೊಸ ಜೋಡಣೆಗೆ ಮೊದಲ ಸಲ ಬ್ಯಾಟರಿ ಕೊಡುವಾಗ ಸೀರೀಸಿನಲ್ಲಿ ಬಲ್ಬ್ ಇರಲಿ. ರಿವೈಂಡ್ ಮಾಡಿದ ಮೋಟಾರನ್ನು ನಾವು ನೋಡುವುದೇ ಹಾಗೆ. 6ಎಸ್‌ಗೆ ಲಾರಿಯ 24 ವೋಲ್ಟಿನ ಬಲ್ಬ್ ಸರಿ. ಪ್ರೊಪೆಲ್ಲರ್ ಬಿಚ್ಚಿಡಿ. ಬಲ್ಬ್ ಒಮ್ಮೆ ಮಿನುಗಿ ಆರಿದರೆ ಶಾರ್ಟ್ ಇಲ್ಲ. ಉರಿಯುತ್ತಲೇ ಇದ್ದರೆ ಕೂಡಲೇ ಕೀಳಿ.

ಹೊಸ ಮೋಟಾರ್ ಬೇಡ ಅಂದೆ. ಹಲ್ಲಿಗೆ ಹತ್ತು ಸುತ್ತು ಹಾಕಿದರೆ 2450 ಹೋಗಿ 1715ಕೆವಿ ಆಗುತ್ತದೆ. 25.2 ವೋಲ್ಟಿಗೆ 43,218 ಸುತ್ತು, ಹಳೆಯ 4ಎಸ್ ಲೆಕ್ಕಕ್ಕೆ ಹತ್ತಿರವೇ. ಡ್ರೋನಿನ ನಾಲ್ಕು ಮೋಟಾರೂ ಒಂದೇ ಥರ ಆಗಬೇಕು, ಹಾಗಾಗಿ ಚೆನ್ನಾಗಿದ್ದ ಮೂರನ್ನೂ ಬಿಚ್ಚಿದ್ದೇವೆ. ಮೊದಲನೆಯದನ್ನು ನಾನು ಸುತ್ತಿದೆ. ಎರಡನೆಯದು ಅವನ ಕೈಯಲ್ಲಿದೆ. ಐದನೇ ಹಲ್ಲಿನವರೆಗೆ ಬಂದಿದ್ದಾನೆ, ಬಾಯಲ್ಲಿ ಎಣಿಸುತ್ತಾ.