‘ಪ್ರಶ್ನೆ ಉದ್ಭವಿಸುವುದಿಲ್ಲ’: ಮಂತ್ರಿಗಳ ಉತ್ತರ ಓದುವ ಕೆಲಸ

ವಿರೋಧ ಪಕ್ಷದ ಸಂಸದರೊಬ್ಬರ ದೆಹಲಿ ಕಚೇರಿಯಲ್ಲಿ ಪ್ರಶ್ನೆಗಳನ್ನು ಬರೆಯುವುದು ನನ್ನ ಕೆಲಸ. ಅಧಿವೇಶನ ಶುರುವಾದರೆ ಊರಿನವರು ಫೋನ್ ಮಾಡಿ, ‘ಸದನದಲ್ಲಿ ಏನು ಗಲಾಟೆಯಂತೆ?’ ಎಂದು ಕೇಳುತ್ತಾರೆ. ಗಲಾಟೆಯ ವಿಷಯದಲ್ಲಿ ಟಿವಿ ನೋಡುವವರಿಗೆ ಗೊತ್ತಿರುವಷ್ಟೇ ನನಗೂ ಗೊತ್ತು. ಮಂತ್ರಿಗಳು ನಿಜವಾಗಿ ಜಾರಿಕೊಳ್ಳುವುದು ಲಿಖಿತ ಉತ್ತರಗಳಲ್ಲಿ. ಅವುಗಳನ್ನು ಓದಿಯೇ ನನಗೆ ಸಂಬಳ.

ಲೋಕಸಭೆಯಲ್ಲಿ ದಿನವೊಂದಕ್ಕೆ ಪಟ್ಟಿಗೆ ಸೇರುವ ಚುಕ್ಕೆ ಗುರುತಿನ ಪ್ರಶ್ನೆಗಳು 20, ಚುಕ್ಕೆ ಗುರುತಿಲ್ಲದವು 230. ರಾಜ್ಯಸಭೆಯಲ್ಲಿ 15 ಮತ್ತು 160. ಮಂತ್ರಿ ಎದ್ದು ನಿಂತು ಉತ್ತರಿಸಿ ಉಪಪ್ರಶ್ನೆಗಳನ್ನು ಎದುರಿಸಬೇಕಾದದ್ದು ಚುಕ್ಕೆ ಇರುವವಕ್ಕೆ ಮಾತ್ರ. ಅದರಲ್ಲೂ ಪ್ರಶ್ನೋತ್ತರ ಅವಧಿಯ ಒಂದು ಗಂಟೆಯಲ್ಲಿ ಬಾಯಿಮಾತಿಗೆ ಬರುವುದು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಕಾಗದ. ಪ್ರಶ್ನೆಯನ್ನು ಹದಿನೈದು ದಿನ ಮೊದಲೇ ಕೊಡಬೇಕಾದ್ದರಿಂದ ಸಚಿವಾಲಯಕ್ಕೆ ಯೋಚಿಸಲು ಬೇಕಾದಷ್ಟು ಸಮಯವಿರುತ್ತದೆ. ಬೇಕೆಂದೇ ಸುಳ್ಳು ಹೇಳಿದರೆ ಹಕ್ಕುಚ್ಯುತಿಯಾಗುತ್ತದೆ, ಆದ್ದರಿಂದ ಅಪ್ಪಟ ಸುಳ್ಳು ಅಪರೂಪ. ನನಗೆ ಸಿಗುವುದು ನಿಜವಾದ, ಆದರೆ ಕೇಳಿದ್ದಕ್ಕೆ ಸಂಬಂಧವಿಲ್ಲದ ವಾಕ್ಯಗಳು.

ಈ ಕೆಲಸಕ್ಕೆ ಹೊಸಬರು ಯಾರಾದರೂ ಬಂದರೆ ನಾನು ಮೊದಲು ಓದಿಸುವುದು 2020ರ ಸೆಪ್ಟೆಂಬರ್‌ನ ಎರಡು ಉತ್ತರಗಳನ್ನು. ಕೋವಿಡ್ ಕಾರಣ ಹೇಳಿ ಆ ಅಧಿವೇಶನದಲ್ಲಿ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟಿದ್ದರು, ಲಿಖಿತ ಉತ್ತರ ಮಾತ್ರ ಉಳಿದಿತ್ತು. ಲಾಕ್‌ಡೌನ್‌ನಲ್ಲಿ ಊರಿಗೆ ಮರಳುವಾಗ ವಲಸೆ ಕಾರ್ಮಿಕರು ಸತ್ತದ್ದು ಸರ್ಕಾರಕ್ಕೆ ಗೊತ್ತೇ, ರಾಜ್ಯವಾರು ಲೆಕ್ಕವೇನು, ಅವರ ಕುಟುಂಬಗಳಿಗೆ ಪರಿಹಾರ ಕೊಟ್ಟಿದ್ದೀರಾ ಎಂಬ ಪ್ರಶ್ನೆ ಲೋಕಸಭೆಯಲ್ಲಿ ಕಾರ್ಮಿಕ ಸಚಿವ ಸಂತೋಷ್ ಗಂಗ್ವಾರ್ ಅವರ ಮುಂದೆ ಬಂತು. ಅಂಥ ಅಂಕಿಅಂಶವನ್ನು ಇಟ್ಟಿಲ್ಲ ಎಂಬುದು ಉತ್ತರ. ಅಂಕಿಅಂಶವೇ ಇಲ್ಲವಾದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಎಂಬುದು ಅದರ ಬೆನ್ನಿಗೇ ಬಂದ ಸಾಲು. ಲೆಕ್ಕ ಇಡದಿರುವುದೇ ಪರಿಹಾರ ಕೊಡದಿರಲು ಕಾರಣವಾಯಿತು. ಒಂದು ತಪ್ಪನ್ನು ಇನ್ನೊಂದಕ್ಕೆ ಜಾಮೀನು ನಿಲ್ಲಿಸುವ ಈ ಜೋಡಿ ವಾಕ್ಯ ಮರುವರ್ಷವೂ ಕಾಣಿಸಿಕೊಂಡಿತು. 2021ರ ನವೆಂಬರ್ ಕೊನೆಯಲ್ಲಿ, ಕೃಷಿ ಕಾಯ್ದೆಗಳ ವಿರುದ್ಧ ದೆಹಲಿ ಗಡಿಯಲ್ಲಿ ಧರಣಿ ಕೂತು ಸತ್ತ ರೈತರ ಬಗ್ಗೆ ಕೇಳಿದಾಗ ಕೃಷಿ ಸಚಿವಾಲಯ ಕೊಟ್ಟ ಉತ್ತರವೂ ಇದೇ: ದಾಖಲೆ ಇಲ್ಲ, ಹಾಗಾಗಿ ನೆರವಿನ ಪ್ರಶ್ನೆ ಉದ್ಭವಿಸುವುದಿಲ್ಲ.

ಕಾರ್ಮಿಕ ಸಚಿವಾಲಯ ಲೆಕ್ಕವಿಲ್ಲ ಎಂದ ಕೆಲವೇ ದಿನಗಳಲ್ಲಿ ರಾಜ್ಯಸಭೆಯಲ್ಲಿ ರೈಲ್ವೆ ಸಚಿವರಾಗಿದ್ದ ಪೀಯೂಷ್ ಗೋಯಲ್ ಒಂದು ಸಂಖ್ಯೆ ಕೊಟ್ಟರು. ಸೆಪ್ಟೆಂಬರ್ 9ರವರೆಗೆ, ವಲಸೆ ಕಾರ್ಮಿಕರನ್ನು ಊರಿಗೆ ಸಾಗಿಸಿದ ಶ್ರಮಿಕ್ ವಿಶೇಷ ರೈಲುಗಳಲ್ಲಿ 97 ಮಂದಿ ಸತ್ತಿದ್ದರು. ಅವರಲ್ಲಿ 87 ಶವಗಳನ್ನು ರಾಜ್ಯ ಪೊಲೀಸರು ಮರಣೋತ್ತರ ಪರೀಕ್ಷೆಗೆ ಕಳಿಸಿದ್ದರು, 51 ವರದಿಗಳು ಬಂದಿದ್ದವು. ಸರ್ಕಾರ ಅದೇ, ತಿಂಗಳೂ ಅದೇ. ಒಂದು ಸಚಿವಾಲಯಕ್ಕೆ ಏನೂ ಗೊತ್ತಿಲ್ಲ, ಇನ್ನೊಂದಕ್ಕೆ ಮರಣೋತ್ತರ ವರದಿಗಳ ಸಂಖ್ಯೆಯವರೆಗೆ ಗೊತ್ತು. ರೈಲ್ವೆಯವರು ಹೆಚ್ಚು ಪ್ರಾಮಾಣಿಕರು ಎಂದೇನಲ್ಲ. ರೈಲಿನಲ್ಲಿ ಒಬ್ಬರು ಸತ್ತರೆ ಶವವನ್ನು ಯಾವುದೋ ನಿಲ್ದಾಣದಲ್ಲಿ ಇಳಿಸಲೇಬೇಕು, ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸಬೇಕು. ಅಲ್ಲಿ ಕಾಗದ ಹುಟ್ಟಿಯೇ ಹುಟ್ಟುತ್ತದೆ.

ಅಂದಿನಿಂದ ನಮ್ಮ ಕಚೇರಿಯಲ್ಲಿ ಪ್ರಶ್ನೆ ಬರೆಯುವ ಮೊದಲು ಈ ಸಂಗತಿ ಯಾರ ಯಾವ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ ಎಂದು ಹುಡುಕುತ್ತೇವೆ. ಆಮೇಲೆ ಆ ರಿಜಿಸ್ಟರ್ ಇರುವ ಸಚಿವಾಲಯಕ್ಕೇ ಬರೆಯುತ್ತೇವೆ. ‘ಸರ್ಕಾರಕ್ಕೆ ತಿಳಿದಿದೆಯೇ’ ಎಂಬ ಆರಂಭವನ್ನು ಬಿಟ್ಟು ಬಹಳ ಕಾಲವಾಯಿತು. ವಿಧಾನಸೌಧದ ಕಡತಗಳನ್ನು ಬಲ್ಲವರಿಗೆ ಇದು ಗೊತ್ತು. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಶಾಸಕರು ಕೇಳುತ್ತಾರೆ, ಎದುರಿನ ಅಂಕಣದಲ್ಲಿ ‘ಬಂದಿದೆ’ ಎಂದಿರುತ್ತದೆ. ಉತ್ತರ ಪೂರ್ತಿಯಾಯಿತು! ಮುಂದಿನ ಸಾಲಿನಲ್ಲಿ ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು’ ಎಂದು ಮುಗಿಸುತ್ತಾರೆ.

ರಾಜ್ಯಗಳ ಹೆಗಲಿಗೆ ದಾಟಿಸುವುದು ಇನ್ನೊಂದು ದಾರಿ. 2021ರ ಜುಲೈನಲ್ಲಿ ಆರೋಗ್ಯ ರಾಜ್ಯ ಸಚಿವೆ ಭಾರತಿ ಪ್ರವೀಣ್ ಪವಾರ್, ಆಮ್ಲಜನಕದ ಕೊರತೆಯಿಂದ ಸಾವುಗಳಾಗಿವೆ ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದರು. ಅದೇ ವರ್ಷದ ಮೇ ತಿಂಗಳ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತಿದ್ದರು, ಹೈಕೋರ್ಟ್ ತನಿಖೆಗೆ ಸಮಿತಿಯನ್ನೇ ನೇಮಿಸಿತ್ತು. ಆದರೆ ಸಚಿವೆಯ ವಾಕ್ಯವನ್ನು ಸುಳ್ಳೆನ್ನಲು ಬರುವುದಿಲ್ಲ. ಅವರು ಹೇಳಿದ್ದು ಸಾವಿನ ಬಗ್ಗೆ ಅಲ್ಲ, ತಮ್ಮ ಕಚೇರಿಗೆ ಬಂದ ಪತ್ರಗಳ ಬಗ್ಗೆ. ಅಲ್ಲಿ ಕೇಳಬೇಕಿದ್ದ ಪ್ರಶ್ನೆ, ಕೇಂದ್ರವು ರಾಜ್ಯಗಳಿಗೆ ಕಳಿಸಿದ ನಮೂನೆಯಲ್ಲಿ ಆಮ್ಲಜನಕದ ಕೊರತೆಯನ್ನು ದಾಖಲಿಸಲು ಜಾಗವಿತ್ತೇ ಎಂದು.

ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ತಂತ್ರ ಇವೆಲ್ಲಕ್ಕಿಂತ ಸಪ್ಪೆಯಾದದ್ದು. ಪ್ರಶ್ನೆಯನ್ನು ಎ, ಬಿ, ಸಿ, ಡಿ ಎಂದು ಭಾಗ ಮಾಡಿ ಬರೆದಿರುತ್ತೇವೆ. ಉತ್ತರ ‘ಎ ಇಂದ ಡಿ’ ಎಂಬ ಒಂದೇ ತಲೆಬರಹದಡಿ ಬರುತ್ತದೆ. ಕೆಳಗೆ ಒಂದೂವರೆ ಪುಟ, ಯೋಜನೆ ಶುರುವಾದ ವರ್ಷ, ಉದ್ದೇಶ, ಫಲಾನುಭವಿಗಳು, ಪೋರ್ಟಲ್, ಅನುಬಂಧದಲ್ಲಿ ರಾಜ್ಯವಾರು ಕೋಷ್ಟಕ. ಓದುತ್ತಾ ಹೋದರೆ ಮಾಹಿತಿಯ ಮಳೆ ಸುರಿದಂತೆ ಅನಿಸುತ್ತದೆ. ಪೆನ್ಸಿಲ್ ಹಿಡಿದು ಒಂದೊಂದು ಭಾಗಕ್ಕೂ ಉತ್ತರ ಎಲ್ಲಿದೆ ಎಂದು ಗುರುತು ಹಾಕುತ್ತಾ ಬಂದರೆ ಎ ಸಿಗುತ್ತದೆ, ಬಿ ಸಿಗುತ್ತದೆ, ಡಿ ಎರಡು ಸಲ ಸಿಗುತ್ತದೆ. ಸಿ ಎಲ್ಲೂ ಇಲ್ಲ. ತಿರಸ್ಕೃತವಾದ ಅರ್ಜಿಗಳೆಷ್ಟು ಎಂದು ಕೇಳಿದ್ದು ಸಿಯಲ್ಲಿ. ಈಗ ನನಗೆ ನಿಜವಾಗಿ ಬೇಕಾದದ್ದನ್ನು ಒಂಟಿ ಪ್ರಶ್ನೆಯಾಗಿ ಬರೆಯುತ್ತೇನೆ. 150 ಪದಗಳ ಮಿತಿಯನ್ನು ತುಂಬಿಸುವ ಆಸೆಯನ್ನು ಬಿಟ್ಟಿದ್ದೇನೆ. ಮೂರು ಸಾಲಿನ ಪ್ರಶ್ನೆಗೆ ಒಂದೂವರೆ ಪುಟದ ಯೋಜನಾ ಪುರಾಣ ಬಂದರೆ ಯಾರ ಕಣ್ಣಿಗಾದರೂ ಬೀಳುತ್ತದೆ.

ಉತ್ತರದಲ್ಲಿ ಕರ್ತೃ ಬದಲಾಗಿದೆಯೇ ಎಂದೂ ನೋಡಬೇಕು. 2021ರ ಆಗಸ್ಟ್‌ನಲ್ಲಿ, ಫೋನುಗಳಲ್ಲಿ ಗೂಢಚರ್ಯೆ ಮಾಡುವ ಪೆಗಾಸಸ್ ತಂತ್ರಾಂಶದ ವಿವಾದದ ನಡುವೆ, ಅದನ್ನು ತಯಾರಿಸುವ ಎನ್‌ಎಸ್‌ಒ ಸಂಸ್ಥೆಯೊಂದಿಗೆ ಸರ್ಕಾರ ವ್ಯವಹಾರ ನಡೆಸಿದೆಯೇ ಎಂದು ರಾಜ್ಯಸಭೆಯಲ್ಲಿ ಕೇಳಲಾಗಿತ್ತು. ರಕ್ಷಣಾ ಸಚಿವಾಲಯ ನಡೆಸಿಲ್ಲ ಎಂದು ಆ ಸಚಿವಾಲಯ ಉತ್ತರಿಸಿತು. ಉಳಿದ ಸಚಿವಾಲಯಗಳ ಮಾತು ಅಲ್ಲಿ ಬರಲೇ ಇಲ್ಲ.

ಇದು ಒಂದು ಪಕ್ಷದ ರೋಗ ಎಂದು ನಮ್ಮ ಸಂಸದರು ಭಾಷಣದಲ್ಲಿ ಹೇಳಬಹುದು, ನಾನು ಹೇಳಲಾರೆ. 1957ರಲ್ಲಿ ಎಲ್‌ಐಸಿ ಹಣ ಉದ್ಯಮಿ ಹರಿದಾಸ್ ಮುಂಧ್ರಾ ಅವರ ಕಂಪನಿಗಳಿಗೆ ಹೋದ ಬಗ್ಗೆ ಕೇಳಿದಾಗ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಅವರಿಂದ ಬಂದದ್ದೂ ಹಾರಿಕೆಯ ಉತ್ತರವೇ. ಅದನ್ನು ಬಿಡದೆ ಕೆದಕಿದ ಫಿರೋಜ್ ಗಾಂಧಿ ಆಳುವ ಪಕ್ಷದ ಸದಸ್ಯರೇ ಆಗಿದ್ದರು. ತನಿಖೆಗೆ ಛಾಗ್ಲಾ ಆಯೋಗ ಕೂತಿತು, 1958ರ ಫೆಬ್ರವರಿಯಲ್ಲಿ ಸಚಿವರು ರಾಜೀನಾಮೆ ಕೊಟ್ಟರು. ಸ್ವಪಕ್ಷದವರೊಬ್ಬರು ಹಾಗೆ ಬೆನ್ನು ಹತ್ತುವುದನ್ನು ಈಗ ಕಲ್ಪಿಸಿಕೊಳ್ಳುವುದೂ ಕಷ್ಟ.

ಬಾಯಿಮಾತಿನ ತಂತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ನಿಮ್ಮ ಕಾಲದಲ್ಲಿ ಏನಾಗಿತ್ತು’ ಎಂಬುದು ಒಂದು, ‘ಮಾನ್ಯ ಸದಸ್ಯರು ನನ್ನ ಕೊಠಡಿಗೆ ಬಂದರೆ ವಿವರಿಸುತ್ತೇನೆ’ ಎಂಬುದು ಇನ್ನೊಂದು. ಎರಡನೆಯದು ವಿನಯದಂತೆ ಕೇಳಿಸುತ್ತದೆ, ಆದರೆ ಕೊಠಡಿಯಲ್ಲಿ ಆಡಿದ ಮಾತು ಸದನದ ನಡಾವಳಿಗೆ ಸೇರುವುದಿಲ್ಲ.

‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು’ ಎಂಬ ಸಾಲು ಬಂದರೆ ಮಾತ್ರ ನನಗೆ ಸಂತೋಷವಾಗುತ್ತದೆ. ಅದು ನಿಯಮದ ಪ್ರಕಾರ ಭರವಸೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲವಾದರೆ ಸರ್ಕಾರಿ ಭರವಸೆಗಳ ಸಮಿತಿ ಕೇಳುತ್ತದೆ. ‘ಪರಿಶೀಲನೆಯಲ್ಲಿದೆ’ ಎಂದರೂ ಅಷ್ಟೇ. ಅಧಿಕಾರಿಗಳಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುವುದರಿಂದ ಅವರೀಗ ‘ಇದು ನಿರಂತರ ಪ್ರಕ್ರಿಯೆ’ ಎಂದು ಬರೆಯುತ್ತಾರೆ. ನಿರಂತರವಾದದ್ದಕ್ಕೆ ಗಡುವು ಎಲ್ಲಿಂದ ಬರಬೇಕು? ಅದಕ್ಕೆ ನಾನು ಒಂದು ಕಡತ ಇಟ್ಟಿದ್ದೇನೆ. ಪ್ರತಿ ಉತ್ತರದ ದಿನಾಂಕ, ಪ್ರಶ್ನೆ ಸಂಖ್ಯೆ, ಉತ್ತರ ಸಿಗದ ಭಾಗ ಅದರಲ್ಲಿರುತ್ತವೆ. ಮುಂದಿನ ಅಧಿವೇಶನಕ್ಕೆ ಹೊಸ ಪ್ರಶ್ನೆ ಬರೆಯುವಾಗ ಅದೇ ದಿನಾಂಕ, ಅದೇ ಸಂಖ್ಯೆಯನ್ನು ನಮೂದಿಸಿ, ಆ ನಿರಂತರ ಪ್ರಕ್ರಿಯೆಯಲ್ಲಿ ಕಳೆದ ಆರು ತಿಂಗಳಲ್ಲಿ ಹೊರಡಿಸಿದ ಆದೇಶಗಳ ಸಂಖ್ಯೆ ಮತ್ತು ದಿನಾಂಕ ಕೊಡಿ ಎಂದು ಕೇಳುತ್ತೇನೆ. ಯಾರ ಪ್ರಶ್ನೆ ಪಟ್ಟಿಗೆ ಸೇರಬೇಕೆಂದು ಎತ್ತುವ ಲಾಟರಿಯಲ್ಲಿ ನಮ್ಮ ಸಂಸದರ ಹೆಸರು ಬರಬೇಕು, ಅಷ್ಟೇ.