ಬಿಯರ್ ದುಡ್ಡಿನ ಜಾಡಿನಲ್ಲಿ ಡಬ್ಲಿನ್ ಸುತ್ತಾಟ

ಡಬ್ಲಿನ್‌ನ ಥಾಮಸ್ ಸ್ಟ್ರೀಟ್‌ನಲ್ಲಿ ನಡೆಯುವಾಗ ಹುರಿದ ಬಾರ್ಲಿಯ ಘಮ ಮೂಗಿಗೆ ಬಡಿಯಿತು. ಹತ್ತಿರದಲ್ಲೇ ಸೇಂಟ್ ಜೇಮ್ಸ್ ಗೇಟ್, ಗಿನ್ನೆಸ್ ಬಿಯರ್ ಕಾರ್ಖಾನೆ. 1759ರಲ್ಲಿ ಆರ್ಥರ್ ಗಿನ್ನೆಸ್ ವರ್ಷಕ್ಕೆ 45 ಪೌಂಡ್ ಬಾಡಿಗೆಗೆ, 9000 ವರ್ಷದ ಗುತ್ತಿಗೆ ಬರೆಸಿಕೊಂಡ ಜಾಗ. ಬರುವವರೆಲ್ಲ ಒಳಗೆ ಹೋಗಿ ಒಂದು ಗ್ಲಾಸ್ ಕುಡಿದು ಬರ್ತಾರೆ. ನನಗೆ ಮಾತ್ರ ಆ ಬಿಯರ್‌ನ ದುಡ್ಡು ಎಲ್ಲಿಗೆ ಹೋಯಿತು ಅಂತ ನೋಡಬೇಕಿತ್ತು.

ಪೂರ್ವದ ಕಡೆ ಸ್ವಲ್ಪ ದೂರ ನಡೆದರೆ ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲ್. 1860ರ ದಶಕದಲ್ಲಿ ಅದನ್ನು ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿಸಿದವರು ಬೆಂಜಮಿನ್ ಲೀ ಗಿನ್ನೆಸ್. ಹೊರಗೆ ಅವರ ಪ್ರತಿಮೆ ಇದೆ. ನಾನು ಬಂದದ್ದು ಅವರ ಮೂರನೇ ಮಗ ಎಡ್ವರ್ಡ್ ಸೆಸಿಲ್‌ಗಾಗಿ. 1847ರಲ್ಲಿ ಹುಟ್ಟಿದ ಇವರು 1876ರಲ್ಲಿ ಕಾರ್ಖಾನೆಯಲ್ಲಿದ್ದ ಅಣ್ಣನ ಪಾಲನ್ನೂ ಕೊಂಡುಕೊಂಡರು. ಹತ್ತು ವರ್ಷದ ನಂತರ ಕಂಪನಿಯನ್ನು ಲಂಡನ್ ಷೇರುಪೇಟೆಗೆ ತಂದಾಗ ಅದರ ಬೆಲೆ 60 ಲಕ್ಷ ಪೌಂಡ್. 1919ರ ಹೊತ್ತಿಗೆ ಅವರಿಗೆ ‘ಅರ್ಲ್ ಆಫ್ ಐವಾ’ ಅನ್ನುವ ಬ್ರಿಟಿಷ್ ಬಿರುದು.

ಕೆಥೆಡ್ರಲ್ ಪಕ್ಕದ ಪಾರ್ಕ್ ಹಿಂದೆ ಕೊಳೆಗೇರಿಯಾಗಿತ್ತು. ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ. ಅದನ್ನು ತೆರವು ಮಾಡಿಸಿ ಪಾರ್ಕ್ ಮಾಡಿಸಿದವರು ಇವರೇ. ಎದುರಿಗೇ ಅವರ ದುಡ್ಡಿನಲ್ಲೇ ಬಡವರಿಗಾಗಿ ಎದ್ದ ಕೆಂಪು ಇಟ್ಟಿಗೆಯ ದೊಡ್ಡ ವಸತಿ ಕಟ್ಟಡಗಳು. ಬ್ರೈಡ್ ರೋಡ್‌ಗೆ ತಿರುಗಿದರೆ ಐವಾ ಸ್ನಾನದ ಮನೆಯ ಕಟ್ಟಡ. ಬಡವರ ಮನೆಗಳಲ್ಲಿ ಬಚ್ಚಲೇ ಇಲ್ಲದ ಕಾಲದಲ್ಲಿ ಇದು ಎಷ್ಟು ದೊಡ್ಡ ಉಪಕಾರ ಅಲ್ವಾ? ಮಕ್ಕಳಿಗೆ ಆಡಲು, ಕಲಿಯಲು ಬೇರೆಯೇ ಒಂದು ಕಟ್ಟಡ. ಅಲ್ಲಿಗೆ ಬಂದ ಮಕ್ಕಳಿಗೆ ಬನ್ನು, ಕೋಕೋ ಪುಕ್ಕಟೆ. ಡಬ್ಲಿನ್ ಜನ ಅದನ್ನು ಪ್ರೀತಿಯಿಂದ ‘ಬೇನೋ’ ಅಂತಿದ್ದರು.

ಅಷ್ಟು ದುಡ್ಡಿದ್ದವರಿಗೆ ಇದೇನು ಮಹಾ ಅಂತ ಕೆಲವರು ಹೇಳಬಹುದು. ನಾನು ಒಪ್ಪಲ್ಲ. ಆ ಕೆಂಪು ಇಟ್ಟಿಗೆ ಮನೆಗಳ ಬಾಲ್ಕನಿಗಳಲ್ಲಿ ಇವತ್ತಿಗೂ ಬಟ್ಟೆ ಒಣಗುತ್ತಿವೆ, ಸಂಸಾರಗಳು ಬಾಳುತ್ತಿವೆ. 1890ರಲ್ಲಿ ಅವರು ಒಂದು ಟ್ರಸ್ಟ್ ಮಾಡಿ ಲಂಡನ್ ಬಡವರ ಮನೆಗಳಿಗೆ 2 ಲಕ್ಷ ಪೌಂಡ್, ಡಬ್ಲಿನ್‌ಗೆ 50 ಸಾವಿರ ಪೌಂಡ್ ತೆಗೆದಿಟ್ಟರು. ಆ ಟ್ರಸ್ಟ್‌ನ ಕೆಲಸ ಇನ್ನೂ ನಿಂತಿಲ್ಲ.

ಹಾಗಂತ ಅವರು ಸನ್ಯಾಸಿಯೇನಲ್ಲ. 1894ರಲ್ಲಿ ಇಂಗ್ಲೆಂಡಿನ ಸಫಕ್‌ನಲ್ಲಿ ಎಲ್ವೆಡೆನ್ ಎಸ್ಟೇಟ್ ಕೊಂಡರು. ಅದು ಮೊದಲು ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್ ಅವರದಾಗಿತ್ತು. ಸಿಂಹಾಸನ ಕಳೆದುಕೊಂಡ ಆ ರಾಜನ ಸಮಾಧಿಯೂ ಅಲ್ಲಿನ ಚರ್ಚ್ ಅಂಗಳದಲ್ಲೇ ಇದೆ.

ಕೊನೆಗಾಲದಲ್ಲಿ ಐವಾ ಕೊಂಡದ್ದು ಲಂಡನ್‌ನ ಕೆನ್‌ವುಡ್ ಹೌಸ್. 1927ರಲ್ಲಿ ತೀರಿಕೊಂಡಾಗ ಅದನ್ನೂ, ರೆಂಬ್ರಾಂಟ್, ವರ್ಮೀರ್ ಚಿತ್ರಗಳನ್ನೂ ಜನರಿಗೆ ಬಿಟ್ಟುಹೋದರು. ಆ ಮನೆಯಿರುವ ಹ್ಯಾಂಪ್‌ಸ್ಟೆಡ್ ಕಡೆ ಹೋದರೆ ತಪ್ಪದೆ ನೋಡಿ, ಒಳಗೆ ಹೋಗಲು ಟಿಕೆಟ್ ಇಲ್ಲ.