ಜಾಲತಾಣಗಳೆಂದರೆ ಕಾಲಹರಣವೇ? ಪೋಷಕರಿಗೆ ನನ್ನ ಉತ್ತರ

ನಾನು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಪೋಷಕರು ನನ್ನ ಬಳಿ ಮಕ್ಕಳ ಅಂಕಗಳಿಗಿಂತ ಹೆಚ್ಚಾಗಿ ವಿಚಾರಿಸುವುದು ಮೊಬೈಲಿನ ಬಗ್ಗೆ. “ಮೇಡಂ, ಈ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎಲ್ಲ ಬರೀ ಕಾಲಹರಣ ಅಲ್ಲವೇ? ನಾವು ಹೇಳಿದರೆ ಕೇಳುವುದಿಲ್ಲ, ನೀವಾದರೂ ಸ್ವಲ್ಪ ಬುದ್ಧಿ ಹೇಳಿ” ಎನ್ನುತ್ತಾರೆ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟಿರುತ್ತಾರೆ. ನಾನು ಹೌದು ಎಂದರೆ ಅವರಿಗೆ ಸಮಾಧಾನ. ಆದರೆ ಹೌದು ಎನ್ನಲು ನನಗೆ ಮನಸ್ಸು ಬರುವುದಿಲ್ಲ, ಅಲ್ಲ ಎನ್ನಲೂ ಆಗುವುದಿಲ್ಲ. ಆ ಪುಟ್ಟ ಪರದೆಯಲ್ಲಿ ಇರುವುದು ಎರಡು ಬೇರೆ ಬೇರೆ ಸಂಗತಿ. ಒಂದು, ನಾವಾಗಿ ಹುಡುಕಿಕೊಂಡು ಹೋದ ಮನುಷ್ಯರು. ಇನ್ನೊಂದು, ನಾವು ಕೇಳದಿದ್ದರೂ ಕಂಪನಿ ತಂದು ಸುರಿಯುವ ಸರಕು. ಮನುಷ್ಯರೊಡನೆ ಕಳೆದ ಹೊತ್ತು ದಂಡವಲ್ಲ. ಸುರಿದ ಸರಕನ್ನು ನೋಡುತ್ತಾ ಕಳೆದದ್ದು ಬಹುಪಾಲು ದಂಡವೇ. ಆದರೆ ಆ ದಂಡಕ್ಕೆ ಮಕ್ಕಳ ಸೋಮಾರಿತನವೊಂದನ್ನೇ ಹೊಣೆ ಮಾಡುವುದು ಅನ್ಯಾಯ.

ನನ್ನ ವಿಷಯದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಒದ್ದೆ ಬಂಡೆಗಳ ಮೇಲೆ, ಹಳ್ಳದ ಅಂಚಿನಲ್ಲಿ, ಕೆಲವೊಮ್ಮೆ ಮರದ ಕಾಂಡದ ಮೇಲೂ ಕರ್ಣಕುಂಡಲದ ಕುಲಕ್ಕೆ ಸೇರಿದ ಗಿಡಗಳು ಹೂ ಬಿಡುತ್ತವೆ. ಇಂಪೇಶಿಯನ್ಸ್ ಎಂಬುದು ಆ ಕುಲದ ವೈಜ್ಞಾನಿಕ ಹೆಸರು. ಘಟ್ಟದಲ್ಲಿ ಇದರ ನೂರಕ್ಕೂ ಹೆಚ್ಚು ಪ್ರಭೇದಗಳಿವೆ, ಬಹುಪಾಲು ಬೇರೆಲ್ಲೂ ಸಿಗದವು. ಒಂದರಿಂದ ಇನ್ನೊಂದನ್ನು ಬೇರ್ಪಡಿಸಲು ಹೂವಿನ ಎಸಳುಗಳ ಆಕಾರ ಮತ್ತು ಹಿಂಬದಿಯಲ್ಲಿ ಬಾಲದಂತೆ ಚಾಚಿದ ಭಾಗದ ಉದ್ದ, ಬಾಗು ಎಲ್ಲ ನೋಡಬೇಕು. ತೊಂದರೆಯೆಂದರೆ, ಈ ಹೂವಿನಲ್ಲಿ ನೀರೇ ಹೆಚ್ಚು. ಕಾಗದದ ನಡುವೆ ಒತ್ತಿ ಒಣಗಿಸಿದರೆ ಎಸಳುಗಳು ಒಂದಕ್ಕೊಂದು ಅಂಟಿಕೊಂಡು ಗುರುತೇ ಸಿಗದ ಹಾಗಾಗುತ್ತವೆ. ಬ್ರಿಟಿಷ್ ಸಸ್ಯವಿಜ್ಞಾನಿ ಜೋಸೆಫ್ ಡಾಲ್ಟನ್ ಹೂಕರ್ ತಮ್ಮ ಇಳಿವಯಸ್ಸಿನಲ್ಲಿ ವರ್ಷಗಟ್ಟಲೆ ಈ ಕುಲದ ಬೆನ್ನು ಹತ್ತಿದ್ದರು. ಒಣಗಿದ ಮಾದರಿಗಳಿಂದ ಇದನ್ನು ಅರಿಯುವುದು ಎಷ್ಟು ಕಷ್ಟವೆಂಬುದು ಅವರ ಅನುಭವಕ್ಕೂ ಬಂದಿತ್ತು.

ಈಗ ನನ್ನ ವಿದ್ಯಾರ್ಥಿನಿಯೊಬ್ಬಳು ಕಾಲೇಜಿಗೆ ಬರುವ ದಾರಿಯಲ್ಲಿ ಅಂಥದೊಂದು ಹೂ ಕಂಡರೆ ಏನು ಮಾಡುತ್ತಾಳೆ? ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಫೋಟೊ ತೆಗೆಯುತ್ತಾಳೆ. ಎಲೆಯ ಜೋಡಣೆ, ಕಾಂಡ, ಗಿಡ ಬೆಳೆದ ಜಾಗ, ಎಲ್ಲವನ್ನೂ ಸೇರಿಸಿ, ಗಿಡ-ಪ್ರಾಣಿಗಳ ಫೋಟೊ ಹಾಕಿ ಗುರುತು ಕೇಳುವ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೋ ಫೇಸ್‌ಬುಕ್‌ನ ಸಸ್ಯಾಸಕ್ತರ ಗುಂಪಿಗೋ ಹಾಕುತ್ತಾಳೆ. ಎಲ್ಲೋ ಇರುವ, ಆ ಕುಲವನ್ನೇ ಜೀವಮಾನವಿಡೀ ಓದಿದ ಸಂಶೋಧಕರೊಬ್ಬರು ಅದನ್ನು ನೋಡುತ್ತಾರೆ. ಹಿಂಬದಿಯ ಚಿತ್ರ ಇನ್ನೂ ಸ್ಪಷ್ಟವಾಗಿ ಬೇಕು ಎಂದು ಕೇಳುತ್ತಾರೆ. ಮರುದಿನ ಅವಳು ಮತ್ತೆ ಅದೇ ಬಂಡೆಯ ಬಳಿ ಹೋಗುತ್ತಾಳೆ. ಹೆಸರು ತಿಳಿಯುವ ಹೊತ್ತಿಗೆ ಅವಳು ಹೂವನ್ನು ನೋಡುವ ಕ್ರಮವನ್ನೇ ಕಲಿತಿರುತ್ತಾಳೆ. ಇಷ್ಟು ಶ್ರದ್ಧೆಯಿಂದ ಪ್ರಶ್ನೋತ್ತರ ನಡೆಸಲು ನನ್ನ ಪ್ರಯೋಗಾಲಯದ ಎರಡು ಗಂಟೆಯಲ್ಲಿ ಬಿಡುವಿರುವುದಿಲ್ಲ. ಮನೆಯವರ ಕಣ್ಣಿಗೆ ಮಾತ್ರ ಕಾಣುವುದು ಒಂದೇ ದೃಶ್ಯ: ಮಗಳು ಮತ್ತೆ ಮೊಬೈಲ್ ಹಿಡಿದು ಕೂತಿದ್ದಾಳೆ.

ಊರಿನ ಮಟ್ಟದಲ್ಲೂ ಇದಕ್ಕೆ ಸಾಕ್ಷಿಯಿದೆ. 2016ರಲ್ಲಿ ಬೆಂಗಳೂರಿನ ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತು. ಎಂಟುನೂರಕ್ಕೂ ಹೆಚ್ಚು ಮರಗಳು ಉರುಳುವುದರಲ್ಲಿದ್ದವು. ವಿರೋಧದ ದನಿ ಟ್ವಿಟ್ಟರ್, ಫೇಸ್‌ಬುಕ್, ವಾಟ್ಸ್ಆ್ಯಪ್‌ಗಳಲ್ಲಿ ಹಬ್ಬಿತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ಮಾನವ ಸರಪಳಿಯಾಗಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ನ್ಯಾಯಮಂಡಳಿ, ಪತ್ರಿಕೆ, ರಾಜಕೀಯ ಎಲ್ಲವೂ ಅದರಲ್ಲಿ ಪಾಲು ಪಡೆದವು, ನಿಜ. ಆದರೆ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಅಷ್ಟು ಜನ ಒಂದು ಭಾನುವಾರ ಬೆಳಿಗ್ಗೆ ಒಂದೇ ರಸ್ತೆಗೆ ಬಂದು ನಿಲ್ಲಲು ಮೊಬೈಲ್ ಬೇಕಾಯಿತು. 2021ರ ಏಪ್ರಿಲ್, ಮೇ ತಿಂಗಳ ಕೋವಿಡ್ ದಿನಗಳಲ್ಲಿ ಆಕ್ಸಿಜನ್ ಸಿಲಿಂಡರ್, ಆಸ್ಪತ್ರೆಯ ಹಾಸಿಗೆ ಎಲ್ಲಿದೆ ಎಂದು ರಾತ್ರಿಯಿಡೀ ಅದೇ ಜಾಲತಾಣಗಳಲ್ಲಿ ಹುಡುಕಿದವರನ್ನು ಯಾರೂ ಕಾಲಹರಣ ಮಾಡುತ್ತಿದ್ದಾರೆಂದು ಬೈಯಲಿಲ್ಲ.

ಇನ್ನು ಎರಡನೆಯ ಸಂಗತಿ, ಕಂಪನಿ ತಂದು ಸುರಿಯುವ ಸರಕು. ಇಲ್ಲಿ ಪೋಷಕರ ಆತಂಕ ಸರಿಯಾಗಿದೆ. ನನ್ನ ಆತಂಕ ಅವರದಕ್ಕಿಂತ ಹೆಚ್ಚೇ ಇದೆ.

ನಮ್ಮಲ್ಲಿ ಅನೇಕರು ಮೊದಲು ಕಂಡ ಜಾಲತಾಣ ಆರ್ಕುಟ್. 2004ರಲ್ಲಿ ಬಂತು, 2014ರಲ್ಲಿ ಮುಚ್ಚಿತು. ಅಲ್ಲಿ ಗೆಳೆಯರ ಪುಟಕ್ಕೆ ನಾವೇ ಹೋಗಬೇಕಿತ್ತು, ಹೋಗಿ ಎರಡು ಸಾಲು ಬರೆದು ಬರಬೇಕಿತ್ತು. ಬರೆದಾದ ಮೇಲೆ ಅಲ್ಲಿ ಕೂರಲು ಹೆಚ್ಚಿನ ಕಾರಣವಿರಲಿಲ್ಲ. 2006ರಲ್ಲಿ ಫೇಸ್‌ಬುಕ್ ನ್ಯೂಸ್ ಫೀಡ್ ತಂದಿತು. ಎಲ್ಲರ ಸುದ್ದಿ ನಾವಿದ್ದಲ್ಲಿಗೇ ಬರತೊಡಗಿತು. ಅದೇ ವರ್ಷ ಅಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಕೊನೆಯೇ ಇಲ್ಲದೆ ಕೆಳಗೆ ಸರಿಯುತ್ತಾ ಹೋಗುವ ಪುಟದ ತಂತ್ರವನ್ನು ರೂಪಿಸಿದರು. ಪುಟ ಮುಗಿದು, ಮುಂದಿನ ಪುಟದ ಸಂಖ್ಯೆ ಒತ್ತಬೇಕಾದಾಗ ಮನಸ್ಸಿಗೆ ‘ಸಾಕೇ?’ ಎಂದು ಕೇಳಿಕೊಳ್ಳುವ ಒಂದು ಗಳಿಗೆ ಸಿಗುತ್ತಿತ್ತು. ಆ ಗಳಿಗೆಯೇ ಇಲ್ಲವಾಯಿತು. ಈ ತಂತ್ರದ ಪರಿಣಾಮಕ್ಕಾಗಿ ರಾಸ್ಕಿನ್ ಆಮೇಲೆ ಬಹಿರಂಗವಾಗಿಯೇ ವಿಷಾದಿಸಿದ್ದಾರೆ. 2009ರಲ್ಲಿ ಲೈಕ್ ಗುಂಡಿ ಬಂತು. 2020ರ ಜೂನ್ 29ರಂದು ಭಾರತ ಟಿಕ್‌ಟಾಕ್ ನಿಷೇಧಿಸಿದ ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತೆರೆಯಿತು, ಹಿಂದೆಯೇ ಯೂಟ್ಯೂಬ್ ಶಾರ್ಟ್ಸ್ ಬಂತು. ಗೆಳೆಯರ ಸುದ್ದಿಗೆಂದು ಹಾಕಿದ್ದ ಜಗುಲಿಯನ್ನು ಅಪರಿಚಿತರ ಸಂತೆ ತುಂಬಿಕೊಂಡಿತು.

ಇದು ನನ್ನ ಊಹೆಯಲ್ಲ. 2025ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ, ಗೆಳೆಯರನ್ನು ಬೆಸೆಯುವ ಸೇವೆಯಲ್ಲಿ ಏಕಸ್ವಾಮ್ಯ ಸಾಧಿಸಿದ ಆರೋಪ ಎದುರಿಸುವಾಗ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆತನದ ಮೆಟಾ ಕಂಪನಿ ತಾನೇ ಲೆಕ್ಕ ಕೊಟ್ಟಿತು. ಜನ ಫೇಸ್‌ಬುಕ್‌ನಲ್ಲಿ ಕಳೆಯುವ ಸಮಯದಲ್ಲಿ ಗೆಳೆಯರು ಹಾಕಿದ್ದನ್ನು ನೋಡಲು ಹೋಗುವುದು ಶೇ 17 ಮಾತ್ರ. ಇನ್‌ಸ್ಟಾಗ್ರಾಂನಲ್ಲಿ ಶೇ 7. ಉಳಿದ ಸಮಯ ಎಲ್ಲಿಗೆ ಹೋಗುತ್ತದೆ ಎಂದು ಪೋಷಕರು ಕೇಳಿದರೆ ಈ ಅಂಕಿಗಳನ್ನೇ ಮುಂದಿಡುತ್ತೇನೆ. ಆ ಕಂಪನಿಯ ಆದಾಯದಲ್ಲಿ ಶೇ 95ಕ್ಕೂ ಹೆಚ್ಚು ಜಾಹೀರಾತಿನಿಂದ ಬರುತ್ತದೆ. ನಮ್ಮ ಮಕ್ಕಳು ಇನ್ನೂ ಐದು ನಿಮಿಷ ಕೂತರೆ ಇನ್ನಷ್ಟು ಜಾಹೀರಾತು. ಹದಿನೆಂಟರ ಹುಡುಗನೊಬ್ಬನ ಸಂಯಮದ ಎದುರಿಗೆ ಸಾವಿರಾರು ಎಂಜಿನಿಯರುಗಳು ಕೂತಿದ್ದಾರೆ. ಅವನಿಗೆ ಬುದ್ಧಿ ಹೇಳುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ಸಮಯದ ಲೆಕ್ಕಕ್ಕೆ ಸಿಗದ ನಷ್ಟವೂ ಒಂದಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬನನ್ನು ಹೊಡೆದು ಕೊಂದಿತು. ಅಂಥ ಸಂದೇಶವನ್ನು ಮುಂದೆ ಕಳಿಸಲು ಒಂದು ಸೆಕೆಂಡ್ ಸಾಕು. ಎಷ್ಟು ಹೊತ್ತು ಎಂದಷ್ಟೇ ಕೇಳುತ್ತಿದ್ದರೆ ಈ ಅಪಾಯ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ದೇಶದಾದ್ಯಂತ ಇಂಥ ಸಾವುಗಳಾದ ಮೇಲೆ, ಅದೇ ತಿಂಗಳಲ್ಲಿ, ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ವಾಟ್ಸ್ಆ್ಯಪ್ ಭಾರತದಲ್ಲಿ ಮಿತಿ ಹಾಕಲು ಹೊರಟಿತು.

ಇನ್ನೊಂದು ಮಾತನ್ನು ಪೋಷಕರಿಗೆ ಮುಖಕ್ಕೇ ಹೇಳುತ್ತೇನೆ. ‘ಕಾಲಹರಣ’ ಎಂಬ ಬೈಗುಳ ಮನೆಯಲ್ಲಿ ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ಅಪ್ಪ ರಾತ್ರಿ ಟಿ.ವಿ.ಯಲ್ಲಿ ಕಿರುಚಾಟದ ಚರ್ಚೆ ನೋಡಿದರೆ ಅದು ಲೋಕಜ್ಞಾನ. ಮಗ ಕ್ರಿಕೆಟ್ ನೋಡಿದರೆ ವಯಸ್ಸಿನ ಗುಣ. ಮಗಳೋ ಸೊಸೆಯೋ ಮೊಬೈಲ್ ಎತ್ತಿಕೊಂಡರೆ ಮಾತ್ರ ಸಮಯದ ಬೆಲೆ ನೆನಪಾಗುತ್ತದೆ. ಕೆಲಸ ಮುಗಿಸಿ, ಮದುವೆಯಾಗಿ ದೂರ ಹೋದ ಗೆಳತಿಯೊಡನೆ ಹತ್ತು ನಿಮಿಷ ಮಾತಾಡುವ ಹೆಣ್ಣುಮಗಳಿಗೆ ಮನೆಯಿಂದ ಹೊರಗಿನ ಪ್ರಪಂಚ ಅಷ್ಟೇ ಇರಬಹುದು. ಪರೀಕ್ಷೆಗೆ ಮೊದಲು ಮೊಬೈಲ್ ಕಿತ್ತಿಟ್ಟುಕೊಂಡರೆಂದು ಅಳುತ್ತಾ ನನ್ನ ಬಳಿ ಬಂದವರು ಹೆಚ್ಚಾಗಿ ಹುಡುಗಿಯರೇ. ಅವರ ಟಿಪ್ಪಣಿಗಳು, ತರಗತಿಯ ವಾಟ್ಸ್ಆ್ಯಪ್ ಗುಂಪು, ಎಲ್ಲವೂ ಅದರಲ್ಲೇ ಇರುತ್ತವೆ.

ಹಾಗಾದರೆ ಮಾಡಬೇಕಾದದ್ದೇನು? ಮೊಬೈಲ್ ಕಿತ್ತುಕೊಳ್ಳಬೇಡಿ, ಅದರೊಳಗಿನ ಮನುಷ್ಯರನ್ನೂ ಸರಕನ್ನೂ ಬೇರ್ಪಡಿಸಿ. ಯೂಟ್ಯೂಬ್‌ನಲ್ಲಿ ನೋಡಿದ ವಿಡಿಯೊಗಳ ಇತಿಹಾಸವನ್ನು ಅಳಿಸಿ ಆ ಸೌಲಭ್ಯವನ್ನೇ ನಿಲ್ಲಿಸಿಬಿಟ್ಟರೆ ಮುಖಪುಟ ಹೆಚ್ಚುಕಡಿಮೆ ಖಾಲಿಯಾಗುತ್ತದೆ, 2023ರಿಂದ ಹೀಗಿದೆ. ಬೇಕಾದದ್ದನ್ನು ಹುಡುಕಿ ನೋಡಿ ಎದ್ದು ಬರಬಹುದು. ಫೇಸ್‌ಬುಕ್ 2022ರಲ್ಲಿ ಗೆಳೆಯರು, ಗುಂಪುಗಳು ಮತ್ತು ನಾವು ಹಿಂಬಾಲಿಸುವ ಪುಟಗಳ ಬರಹಗಳನ್ನು ಬಂದ ಕ್ರಮದಲ್ಲಿ ತೋರಿಸುವ ಪ್ರತ್ಯೇಕ ವಿಭಾಗ ಕೊಟ್ಟಿತು. ಅದೇ ವರ್ಷ ಇನ್‌ಸ್ಟಾಗ್ರಾಂ ಕೂಡ ನಾವು ಹಿಂಬಾಲಿಸುವವರ ಚಿತ್ರಗಳನ್ನು ಮಾತ್ರ ನೋಡುವ ಅವಕಾಶವನ್ನು ಮರಳಿ ತಂದಿತು. ಆದರೆ ಅದನ್ನೇ ಕಾಯಂ ಆಗಿ ಇಟ್ಟುಕೊಳ್ಳಲು ಬಿಡಲಿಲ್ಲ. ಆ್ಯಪ್ ಮುಚ್ಚಿ ತೆರೆದರೆ ಮತ್ತೆ ಅದೇ ಸಂತೆ. ಈ ಗುಂಡಿಗಳನ್ನು ಸುಲಭವಾಗಿ ಕಾಣದ ಕಡೆ ಇಟ್ಟಿರುವುದಕ್ಕೆ ನನಗೆ ನಿಜಕ್ಕೂ ಸಿಟ್ಟಿದೆ.

ಆದ್ದರಿಂದ ಪ್ರತಿ ವರ್ಷ ಮೊದಲ ಸೆಮಿಸ್ಟರಿನಲ್ಲಿ ಗಿಡಗಳ ಫೋಟೊ ತೆಗೆಯುವ ಕ್ರಮವನ್ನು ಹೇಳಿಕೊಡುವ ದಿನವೇ ಈ ಗುಂಡಿಗಳು ಎಲ್ಲಿವೆಯೆಂದು ತೋರಿಸುತ್ತೇನೆ. ಆ ತರಗತಿಗೆ ಪೋಷಕರೂ ಬರಬಹುದು. ತಮ್ಮ ಮೊಬೈಲನ್ನೂ ತರಲಿ.